ಅಪ್ಪನ ಲೈಸೆನ್ಸ್ ಬಂದೂಕು, ತೋಟಾ, ಸೈಲೆನ್ಸರ್: ಇನ್ನೊಬ್ಬರ ಕೈಗೆ ಕೊಡಬಹುದಾ?

ಕಬ್ಬಿನಗದ್ದೆ (ಪಾಂಡವಪುರ ತಾಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪನ ಹೆಸರಲ್ಲಿ ಒಂಟಿ ನಳಿಗೆಯ ಹನ್ನೆರಡು ಬೋರ್ ಬಂದೂಕು ಇದೆ. 1993ರಲ್ಲಿ ತೆಗೆದುಕೊಂಡಿದ್ದು. ಲೈಸೆನ್ಸ್ ಸರಿಯಾಗಿ ರಿನ್ಯೂವಲ್ ಆಗಿದೆ, ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ಗುರುತಿನ) ನಂಬರೂ ಬಂದಿದೆ. ಅಪ್ಪನಿಗೆ ಈಗ 74. ಎರಡೂ ಮಂಡಿ ನೋವು, ರಾತ್ರಿ ಹೊತ್ತು ಗದ್ದೆ ಬದುವಿನ ಮೇಲೆ ನಡೆಯೋಕೆ ಆಗುವುದಿಲ್ಲ. ಹಂದಿ ಕಾಟ ಮಾತ್ರ ವರ್ಷದಿಂದ ವರ್ಷಕ್ಕೆ ಜಾಸ್ತಿ. ಮೊನ್ನೆ ಬೆಳಿಗ್ಗೆ ಹೋಗಿ ನೋಡಿದರೆ ನಾಲ್ಕು ಸಾಲು ಕಬ್ಬು ನೆಲಕ್ಕೆ ಮಲಗಿತ್ತು. ಬುಡದ ಕಡೆ ಜಗಿದು, ರಸ ಕುಡಿದು, ಸಿಪ್ಪೆಯನ್ನು ಅಲ್ಲೇ ಉಗುಳಿ ಹೋಗಿದ್ದವು. ಆ ಸಿಪ್ಪೆ ಇನ್ನೂ ಒದ್ದೆಯಾಗಿತ್ತು.

ಈಗ ನನ್ನ ಪ್ರಶ್ನೆ. ಅಪ್ಪನ ಬಂದೂಕನ್ನು ನಾನೇ ತೆಗೆದುಕೊಂಡು ರಾತ್ರಿ ಕಾವಲಿಗೆ ಹೋಗಬಹುದಾ? ಒಂದೇ ಮನೆ, ಒಂದೇ ರೇಷನ್ ಕಾರ್ಡ್. ಊರಲ್ಲಿ ಎಲ್ಲರೂ "ಮಗ ಅಲ್ವಾ, ಏನೂ ಆಗಲ್ಲ" ಅಂತಾರೆ.

ಇನ್ನೊಂದು. ಮಳವಳ್ಳಿ ಕಡೆ ನನ್ನ ಭಾವಮೈದ ಇದ್ದಾನೆ. ಅವನಿಗೂ ಸ್ವಂತ ಲೈಸೆನ್ಸ್, ಸ್ವಂತ ಬಂದೂಕು ಇದೆ. ಅವನ ಹತ್ತಿರ ತೋಟಾ ಮುಗಿದಿವೆಯಂತೆ. "ಭಾವ, ಹತ್ತು ತೋಟಾ ಕೊಡಿ, ಜೊತೆಗೆ ಬೆಲ್ಟು, ನಳಿಗೆ ಒರೆಸುವ ಕಡ್ಡಿನೂ ಕೊಡಿ, ಮುಂದಿನ ತಿಂಗಳು ವಾಪಸ್ ಕೊಡ್ತೀನಿ" ಅಂತ ಕೇಳಿದ್ದಾನೆ.

ಮೂರನೆಯದನ್ನು ಬರೆಯೋಕೆ ನನಗೇ ಭಯ. ಅವನು ವಿಡಿಯೋ ನೋಡಿ ಯಾರಿಂದಲೋ ಒಂದು ಪೈಪಿನಂಥದ್ದು ತರಿಸಿದ್ದಾನೆ. ನಳಿಗೆಯ ತುದಿಗೆ ಹಾಕಿದರೆ ಸದ್ದು ಕಡಿಮೆಯಾಗುತ್ತಂತೆ. ಹೋದ ಭಾನುವಾರ ಬಂದವನು "ನಿಮ್ಮ ಬಂದೂಕಿಗೆ ಹಾಕಿ ನೋಡಿ, ಬರೀ ಪಾರ್ಟ್ ಇದು, ಬಂದೂಕಲ್ವಲ್ಲ" ಅಂತ ಹೇಳಿ ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದಾನೆ. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಕೈಗೆ ಭಾರವಾಗಿದೆ, ಹೊರಗಡೆ ಲೇತ್‌ನ ಗೆರೆಗಳು ಹಾಗೇ ಕಾಣುತ್ತವೆ. ನಾನು ಹಾಕಿ ನೋಡಿಲ್ಲ. ಕೊಟ್ಟಿಗೆಯಲ್ಲಿ ಹಿಂಡಿ ಮೂಟೆ ಹಿಂದೆ ಇಟ್ಟಿದ್ದೇನೆ. ಇದಕ್ಕೂ ಲೈಸೆನ್ಸ್ ಬೇಕಾ? ಗೊತ್ತಿರುವವರು ಹೇಳಿ.

—

ನಿವೃತ್ತ ರೈಟರ್ (ಮಂಡ್ಯ)

ತಮ್ಮ, ನಾನು ಪೊಲೀಸ್ ಸ್ಟೇಷನ್‌ನಲ್ಲಿ ರೈಟರ್ ಆಗಿದ್ದವನು. ಮೊದಲು ಮೂರನೆಯದು. ಆ ಪೈಪನ್ನು ಇನ್ನು ಮುಟ್ಟಬೇಡ. ಬಂದೂಕಿಗೆ ಹಾಕಿ ನೋಡಬೇಡ, ಫೋಟೋ ತೆಗೆದು ಯಾರಿಗೂ ಕಳಿಸಬೇಡ, ಹೆದರಿ ವಿ.ಸಿ. ನಾಲೆಗೆ ಎಸೆಯಲೂ ಬೇಡ. ಇವತ್ತೇ ಒಬ್ಬ ವಕೀಲರ ಹತ್ತಿರ ಹೋಗು. ಇದು ಬೆಲ್ಟು, ಕಡ್ಡಿಯ ತರಹದ ಸಾಮಾನಲ್ಲ.

ಬಂದೂಕಿನ ವಿಷಯಕ್ಕೆ ಬಂದರೆ, ಲೈಸೆನ್ಸ್ ಇರುವುದು ಮನೆಗಲ್ಲ, ಮನುಷ್ಯನಿಗೆ. ಊರಲ್ಲಿ ಇದನ್ನು ಎಷ್ಟು ಹೇಳಿದರೂ ಜನಕ್ಕೆ ಅರ್ಥ ಆಗುವುದಿಲ್ಲ. ಔಷಧಿ ಹೊಡೆಯುವ ಸ್ಪ್ರೇಯರ್ ತರಹ, ಟಿಲ್ಲರ್ ತರಹ, ಇವತ್ತು ನಮ್ಮನೆ ನಾಳೆ ನಿಮ್ಮನೆ ಅಂತ ಬಂದೂಕು ಓಡಾಡುತ್ತಿರುತ್ತದೆ. ಚುನಾವಣೆ ಬಂತು ಅಂದರೆ ಬಂದೂಕು ಸ್ಟೇಷನ್‌ಗೆ ತಂದು ಇಡಬೇಕಲ್ವಾ, ಆಗ ನೋಡಬೇಕಿತ್ತು. ಲೈಸೆನ್ಸ್‌ದಾರರು ಬರುತ್ತಿರಲಿಲ್ಲ. ಹದಿನೆಂಟು ವರ್ಷದ ಮೊಮ್ಮಗ ಬೈಕಿನ ಹಿಂದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದ. ತಾತನ ಕಾಗದ ಎಲ್ಲಿ ಅಂದರೆ ಸುಮ್ನೆ ಮುಖ ನೋಡುತ್ತಿದ್ದ. ಎಷ್ಟು ಜನಕ್ಕೆ ನಾವೇ ಕೂರಿಸಿ ಬುದ್ಧಿ ಹೇಳಿ, ಮನೆಯವರನ್ನು ಕರೆಸಿದ್ದೇವೆ. ಎಲ್ಲ ಕಡೆ ಹಾಗೆ ಬಿಡುತ್ತಾರೆ ಅಂತ ನಂಬಿಕೊಳ್ಳಬೇಡ.

ಅಪ್ಪಾಜಿಯ ಲೈಸೆನ್ಸ್ ಪುಸ್ತಕ ತೆಗೆದು ನೋಡು. ರಿಟೇನರ್, ಅಂದರೆ ಲೈಸೆನ್ಸ್‌ದಾರರ ಪರವಾಗಿ ಬಂದೂಕು ಹಿಡಿಯಲು ಅನುಮತಿ ಇರುವವರು ಅಂತ ಬರೆದಿರುವ ಕಡೆ ನಿನ್ನ ಹೆಸರಿದ್ದರೆ ಮಾತು ಬೇರೆ. ಖಾಲಿ ಇದ್ದರೆ ನೀನು ಆ ಬಂದೂಕಿಗೆ ಹೊರಗಿನವನೇ, ಮಗನಾದರೂ ಅಷ್ಟೇ.

—

ಕರಿಕೋಟು (ಮೈಸೂರು)

ಮೈಸೂರಿನ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ರೈಟರ್ ಸರ್ ಹೇಳಿದ್ದು ಸರಿ. ಕಾನೂನು ಎಲ್ಲಿ ಏನು ಹೇಳುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಭಾವಮೈದ "ಬರೀ ಪಾರ್ಟ್, ಬಂದೂಕಲ್ಲ" ಅಂದಿದ್ದಾರಲ್ಲ, ಅದೇ ದೊಡ್ಡ ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ ಓದಿ. ಬಂದೂಕು ಅಂದರೆ ಏನು ಅಂತ ವಿವರಿಸುವ ಜಾಗದಲ್ಲೇ, ಗುಂಡು ಹೊಡೆದಾಗ ಬರುವ ಸದ್ದನ್ನೋ ಬೆಂಕಿಯ ಮಿಂಚನ್ನೋ ಕಡಿಮೆ ಮಾಡಲು ತಯಾರಿಸಿದ ಸಾಧನವನ್ನೂ ಸೇರಿಸಿದ್ದಾರೆ. ಅಂದರೆ ಕಾನೂನಿನ ಕಣ್ಣಿಗೆ ನಿಮ್ಮ ಕೊಟ್ಟಿಗೆಯಲ್ಲಿ ಹಿಂಡಿ ಮೂಟೆ ಹಿಂದೆ ಇರುವುದು ಪೈಪಲ್ಲ, ಇನ್ನೊಂದು ಬಂದೂಕು. ಅದೂ ಲೈಸೆನ್ಸ್ ಇಲ್ಲದ ಬಂದೂಕು. ನಿಮ್ಮ ಅಪ್ಪನ ಲೈಸೆನ್ಸ್‌ನಲ್ಲಿ ಬರೆದಿರುವುದು ಆ ಒಂಟಿ ನಳಿಗೆ ಮತ್ತು ಅದರ ನಂಬರ್ ಮಾತ್ರ. ಇದು ಅದರೊಳಗೆ ಬರುವುದಿಲ್ಲ.

ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 25ನೇ ಸೆಕ್ಷನ್ ಪ್ರಕಾರ ಮೊದಲು ಒಂದರಿಂದ ಮೂರು ವರ್ಷ ಶಿಕ್ಷೆ ಇತ್ತು. 2019ರ ತಿದ್ದುಪಡಿ ಆದಮೇಲೆ ಅದು ಎರಡರಿಂದ ಐದು ವರ್ಷ. ಲೇತ್‌ನಲ್ಲಿ ಅದನ್ನು ಮಾಡಿಕೊಟ್ಟವನ ಕಥೆ ಇನ್ನೂ ಕಷ್ಟ. ಲೈಸೆನ್ಸ್ ಇಲ್ಲದೆ ತಯಾರಿಸುವುದಕ್ಕೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಹಂದಿ ಓಡಿಸೋಕೆ ಹೋಗಿ ಮೂರು ಸಂಸಾರ ಕೋರ್ಟಿಗೆ ಅಲೆಯಬಾರದು ಅನ್ನುವ ಕಾಳಜಿಯಿಂದ ಹೇಳುತ್ತಿದ್ದೇನೆ.

"ವಸ್ತು ಅವನದು, ನಮ್ಮ ಮನೆಯಲ್ಲಿ ಇದೆ ಅಷ್ಟೇ" ಅನ್ನುವ ಮಾತೂ ನಿಲ್ಲುವುದಿಲ್ಲ. ವಶದಲ್ಲಿ ಇರುವುದು ಅಂದರೆ ಏನು ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಕೈಯಲ್ಲೇ ಹಿಡಿದಿರಬೇಕು ಅಂತಿಲ್ಲ. ಗೊತ್ತಿದ್ದು, ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದರೆ ಸಾಕು, ವಸ್ತು ಇನ್ನೊಬ್ಬರ ಹತ್ತಿರ ಇದ್ದರೂ ಸರಿ. ಹಾಗಾಗಿ ಬಿಟ್ಟು ಹೋದವರೂ ತಪ್ಪಿಸಿಕೊಳ್ಳುವುದಿಲ್ಲ, ಗೊತ್ತಿದ್ದೂ ಬಚ್ಚಿಟ್ಟ ನೀವೂ ತಪ್ಪಿಸಿಕೊಳ್ಳುವುದಿಲ್ಲ. ನೀವೇ ಅದನ್ನು ಬಸ್ಸಿನಲ್ಲಿ ಮಳವಳ್ಳಿಗೆ ತೆಗೆದುಕೊಂಡು ಹೋಗಿ ಕೊಡಲು ಹೊರಡಬೇಡಿ, ದಾರಿಯಲ್ಲಿ ಸಿಕ್ಕಿಬಿದ್ದರೆ ಕಥೆಯೇ ಬೇರೆ. ವಕೀಲರ ಜೊತೆ ಠಾಣೆಗೆ ಹೋಗಿ, ಬರವಣಿಗೆಯಲ್ಲಿ ತಿಳಿಸಿ ಒಪ್ಪಿಸುವುದೇ ದಾರಿ. ಭಾವಮೈದನನ್ನೂ ಕರೆಸಿ ಕೂತು ಮಾತಾಡಿ.

ಇನ್ನು ಬಂದೂಕು. 3ನೇ ಸೆಕ್ಷನ್‌ನಲ್ಲಿ ಒಂದು ಸಣ್ಣ ವಿನಾಯಿತಿ ಇದೆ. ಲೈಸೆನ್ಸ್‌ದಾರ ಜೊತೆಯಲ್ಲೇ ಇದ್ದರೆ, ಅಥವಾ ಅವರು ಬರೆದುಕೊಟ್ಟ ಅಧಿಕಾರ ಪತ್ರ ಇದ್ದರೆ, ಇನ್ನೊಬ್ಬರು ಬಂದೂಕನ್ನು ಹೊತ್ತುಕೊಂಡು ಹೋಗಬಹುದು. ಅದೂ ಮೂರು ಕಾರಣಕ್ಕೆ ಮಾತ್ರ. ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಮತ್ತು ಆ ಲೈಸೆನ್ಸ್‌ದಾರರೇ ಬಳಸುವುದಕ್ಕೆ. ಕೊನೆಯ ಮಾತನ್ನು ಎರಡು ಸಲ ಓದಿ. ಅಪ್ಪ ಮುಂದೆ ನಡೆಯುತ್ತಾ ಹೋಗಿ ನೀವು ಹಿಂದೆ ಬಂದೂಕು ಹಿಡಿದು ಹೋದರೆ ತೊಂದರೆ ಇಲ್ಲ, ಹೊಡೆಯುವವರು ಅಪ್ಪನೇ ಆಗಿರಬೇಕು. ಮೈಸೂರಿನ ಅಂಗಡಿಗೆ ರಿಪೇರಿಗೆ ತರುವುದಾದರೆ ಅಪ್ಪನ ಸಹಿ ಇರುವ ಪತ್ರ, ಲೈಸೆನ್ಸ್ ಜೊತೆಗಿರಲಿ. ಪತ್ರದಲ್ಲಿ ದಿನಾಂಕ, ಬಂದೂಕಿನ ನಂಬರ್, ಯಾಕೆ ಹೋಗುತ್ತಿದ್ದೀರಿ ಅನ್ನುವುದನ್ನು ಬರೆಸಿ. ಅಪ್ಪ ಮನೆಯಲ್ಲಿ ಮಲಗಿದ್ದು ನೀವೊಬ್ಬರೇ ರಾತ್ರಿ ಕಾವಲಿಗೆ ತೆಗೆದುಕೊಂಡು ಹೋಗುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ಆಗ ನಿಮ್ಮ ಮೇಲೆ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡ ಕೇಸು. ಅರ್ಹತೆ ಇದೆಯಾ ಅಂತ ನೋಡದೆ ಇನ್ನೊಬ್ಬರ ವಶಕ್ಕೆ ಆಯುಧ ಕೊಟ್ಟಿದ್ದಕ್ಕೆ ಅಪ್ಪನ ಮೇಲೆ 29ನೇ ಸೆಕ್ಷನ್, ಅದಕ್ಕೆ ಆರು ತಿಂಗಳವರೆಗೆ ಜೈಲು. 74ನೇ ವಯಸ್ಸಿನಲ್ಲಿ ಅವರಿಗೆ ಅದು ಬೇಕಾ?

ತೋಟಾ ವಿಷಯ. ಭಾವಮೈದನಿಗೆ ಲೈಸೆನ್ಸ್ ಇದ್ದರೂ ಕೈಯಿಂದ ಕೈಗೆ ಕೊಡುವ ಹಾಗಿಲ್ಲ. 5ನೇ ಸೆಕ್ಷನ್ ಪ್ರಕಾರ ಒಬ್ಬ ಲೈಸೆನ್ಸ್‌ದಾರ ತನ್ನ ಸ್ವಂತಕ್ಕೆ ಇರುವ ಬಂದೂಕನ್ನೋ ಮದ್ದುಗುಂಡನ್ನೋ ಇನ್ನೊಬ್ಬ ಅರ್ಹ ವ್ಯಕ್ತಿಗೆ ಕೊಡಬೇಕಾದರೆ, ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಯಾರಿಗೆ ಕೊಡುತ್ತಿದ್ದೇನೆ ಅಂತ ಬರೆದು ತಿಳಿಸಿ, 45 ದಿನ ಕಳೆದ ಮೇಲಷ್ಟೇ ಕೊಡಬೇಕು. ಹತ್ತು ತೋಟಾಗೆ ಯಾರು ಅಷ್ಟು ಕಾಯುತ್ತಾರೆ? ಅವರು ತಮ್ಮ ಲೈಸೆನ್ಸ್ ತೋರಿಸಿ ಅಂಗಡಿಯಲ್ಲೇ ತೆಗೆದುಕೊಳ್ಳಲಿ, ಅವರ ಪುಸ್ತಕದಲ್ಲಿ ಲೆಕ್ಕ ಬೀಳುತ್ತದೆ. ಬೆಲ್ಟು, ಚೀಲ, ಒರೆಸುವ ಕಡ್ಡಿ, ಎಣ್ಣೆ ಡಬ್ಬಿ ಇವೆಲ್ಲ ಧಾರಾಳವಾಗಿ ಕೊಡಿ. ಬೆಲ್ಟಿನಲ್ಲಿ ತೋಟಾ ಸಿಕ್ಕಿಕೊಂಡಿಲ್ಲ ಅಂತ ಒಂದೊಂದೇ ಕುಣಿಕೆ ನೋಡಿ ಕೊಡಿ. ನನ್ನ ಕಕ್ಷಿದಾರರೊಬ್ಬರು ಬಸ್ ಸ್ಟ್ಯಾಂಡಿನ ತಪಾಸಣೆಯಲ್ಲಿ ಹಳೇ ಬೆಲ್ಟಿನಲ್ಲಿದ್ದ ಒಂದೇ ಒಂದು ತೋಟಾದಿಂದ ಎರಡು ವರ್ಷ ಅಲೆದರು.

—

ಹುಣಸೂರು ಹೊಗೆಸೊಪ್ಪು

ವಕೀಲರು ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನಮ್ಮ ಕಡೆ ಆನೆ, ಹಂದಿ ಎರಡೂ ಇವೆ, ಆದ್ದರಿಂದ ಬಂದೂಕಿನ ವಿಷಯ ಮನೆಮನೆಯ ಮಾತು.

ನಮ್ಮ ದೊಡ್ಡಪ್ಪ ಒಳ್ಳೆ ಮನಸ್ಸಿನವರು, ಕೇಳಿದವರಿಗೆ ಇಲ್ಲ ಅನ್ನುತ್ತಿರಲಿಲ್ಲ. ಪಕ್ಕದ ಜಮೀನಿನವರು ಒಂದು ರಾತ್ರಿಗೆ ಬಂದೂಕು ಕೇಳಿದರು, ಕೊಟ್ಟರು. ಅವರು ಕತ್ತಲಲ್ಲಿ ಜೋಳದ ಹೊಲದಲ್ಲಿ ಏನೋ ಅಲ್ಲಾಡಿತು ಅಂತ ಹೊಡೆದರು. ಅಲ್ಲಿ ಇದ್ದದ್ದು ನೀರು ಕಟ್ಟಲು ಬಂದಿದ್ದ ಆಳು. ಜೀವ ಉಳಿಯಿತು, ಆದರೆ ತೊಡೆಯಲ್ಲಿ ಹೊಕ್ಕಿದ್ದ ಚಿಲ್ಲು ಎಲ್ಲ ತೆಗೆಯೋಕೆ ಆಗಲಿಲ್ಲ. ಇವತ್ತಿಗೂ ಚಳಿ ಬಂದರೆ ಕುಂಟುತ್ತಾನೆ. ನಮ್ಮ ಮನೆಗೆ ಬಂದಾಗೆಲ್ಲ ದೊಡ್ಡಪ್ಪ ಎದ್ದು ಒಳಗೆ ಹೋಗುತ್ತಿದ್ದರು, ಅವನ ಮುಖ ನೋಡೋಕೆ ಆಗುತ್ತಿರಲಿಲ್ಲ. ಲೈಸೆನ್ಸ್ ರದ್ದಾಯಿತು, ಬಂದೂಕು ಜಪ್ತಿ ಆಯಿತು, ಅವೆಲ್ಲ ಆಮೇಲಿನ ಮಾತು.

ಇನ್ನೊಂದು, ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿಗೆ ಹೊಡೆಯಬಹುದು ಅಂತ ಅರ್ಥ ಅಲ್ಲ. ಕಾಡುಹಂದಿ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ, ಅರಣ್ಯ ಇಲಾಖೆ ಬರವಣಿಗೆಯಲ್ಲಿ ಅನುಮತಿ ಕೊಡದೆ ಹೊಡೆದರೆ ಬೇಟೆ ಕೇಸು. ನೀವು ಪಾಂಡವಪುರ ಅಂದಿರಿ. ಮೇಲುಕೋಟೆ ವನ್ಯಧಾಮ ಪಕ್ಕದಲ್ಲೇ ಇದೆ, ಆ ಕಡೆ ರಂಗನತಿಟ್ಟು. ವನ್ಯಧಾಮದಿಂದ 10 ಕಿಲೋಮೀಟರ್ ಒಳಗೆ ಇರುವ ಲೈಸೆನ್ಸ್‌ದಾರರು ವನ್ಯಜೀವಿ ವಿಭಾಗದಲ್ಲೂ ಹೆಸರು ನೋಂದಾಯಿಸಬೇಕು ಅಂತ 1972ರ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ. ಆ ಅಂತರದೊಳಗೆ ಹೊಸ ಲೈಸೆನ್ಸ್ ಕೊಡಬೇಕಾದರೂ ಅವರ ಒಪ್ಪಿಗೆ ಬೇಕು. ಸದ್ದು ಬರದ ಹಾಗೆ ಹೊಡೆಯುವ ಪೈಪು ನಿಮ್ಮ ಮನೆಯಲ್ಲಿ ಸಿಕ್ಕರೆ ಅರಣ್ಯದವರು ಏನಂದುಕೊಳ್ಳುತ್ತಾರೆ ಹೇಳಿ. ಬೆಳೆ ಕಾಯುವವನಿಗೆ ಸದ್ದು ಬೇಕು ಸ್ವಾಮಿ, ಸದ್ದಿಗೇ ಅಲ್ವಾ ಹಂದಿ ಓಡುವುದು. ಸದ್ದು ಬೇಡ ಅನ್ನುವವನು ಕದ್ದು ಬೇಟೆಯಾಡುವವನು ಅಂತಲೇ ಅವರು ಲೆಕ್ಕ ಹಾಕುತ್ತಾರೆ.

ಬೆಳೆ ಹಾಳಾಗಿದ್ದಕ್ಕೆ ಪರಿಹಾರದ ಅರ್ಜಿ ಹಾಕಿದ್ದೀರಾ? ಆ ಮಲಗಿದ ಕಬ್ಬನ್ನು ಕಡಿಯುವ ಮೊದಲೇ ಫೋಟೋ ತೆಗೆದಿಡಿ.

—

ಸರಸ್ವತಿಪುರಂ (ಈಗ ಟೆಕ್ಸಾಸ್)

ನಾನು ಮೈಸೂರಿನವನೇ, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ನಿಮ್ಮ ಭಾವಮೈದ ನೋಡಿದ ವಿಡಿಯೋಗಳು ಬಹುಶಃ ಇಲ್ಲಿಯವೇ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಟೆಕ್ಸಾಸ್‌ನಲ್ಲಿ ಸೈಲೆನ್ಸರ್ ಇಟ್ಟುಕೊಳ್ಳಬಹುದು ನಿಜ, ನನ್ನ ಸಹೋದ್ಯೋಗಿ ಹತ್ತಿರ ಇದೆ. ಆದರೆ ಇಲ್ಲೂ ಅದು ಅಂಗಡಿಗೆ ಹೋಗಿ ತರುವ ಟಾರ್ಚ್ ಅಲ್ಲ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಕೆಳಗೆ ಪ್ರತಿಯೊಂದಕ್ಕೂ ಸೀರಿಯಲ್ ನಂಬರ್, ಬೆರಳಚ್ಚು, ಫೋಟೋ, ಕೇಂದ್ರ ಸರ್ಕಾರದ ನೋಂದಣಿ. 200 ಡಾಲರ್ ತೆರಿಗೆ ಇತ್ತು, 2026ರ ಜನವರಿ 1ರಿಂದ ಸೈಲೆನ್ಸರ್‌ಗೆ ಅದನ್ನು ಸೊನ್ನೆ ಮಾಡಿದ್ದಾರೆ, ನೋಂದಣಿ ಮಾತ್ರ ಹಾಗೇ ಇದೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಸಾಮಾನ್ಯ ಜನ ಇಟ್ಟುಕೊಳ್ಳುವ ಹಾಗೇ ಇಲ್ಲ.

ಇನ್ನೊಬ್ಬರಿಗೆ ಕೊಡುವ ವಿಷಯದಲ್ಲಿ ಇಲ್ಲಿಯ ರೂಢಿ ಹೀಗೆ. ಆ ಸಹೋದ್ಯೋಗಿ ನನ್ನನ್ನು ಒಂದು ಸಲ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿದ್ದ. ಅವನು ಪಕ್ಕದಲ್ಲೇ ನಿಂತಿದ್ದ, ನಾನು ನಾಲ್ಕು ಗುಂಡು ಹೊಡೆದೆ. ಮಾಲೀಕ ಅಲ್ಲೇ ಇದ್ದು ವಸ್ತು ಅವನ ಹಿಡಿತದಲ್ಲೇ ಇದ್ದರೆ ಅದಕ್ಕೆ ಅಡ್ಡಿ ಇಲ್ಲ. ಮಧ್ಯೆ ಅವನು ಕಾರಿನಿಂದ ನೀರಿನ ಬಾಟಲಿ ತರಲು ಹೊರಟಾಗ ಅದನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ ಜೊತೆಗೇ ತೆಗೆದುಕೊಂಡು ಹೋದ. ನನಗೆ ಆಗ ಅತಿ ಅನ್ನಿಸಿತ್ತು. ಆಮೇಲೆ ಅವನೇ ವಿವರಿಸಿದ. ಮಾಲೀಕನಿಲ್ಲದೆ ಇನ್ನೊಬ್ಬರ ಹತ್ತಿರ ಬಿಟ್ಟರೆ ಅದನ್ನು ಹಸ್ತಾಂತರ ಅಂತ ನೋಡಬಹುದು, ಅನುಮತಿ ಇಲ್ಲದ ಹಸ್ತಾಂತರಕ್ಕೆ 10 ವರ್ಷದವರೆಗೆ ಜೈಲು. ಗಂಡ ಹೆಂಡತಿ ಇಬ್ಬರೂ ಬಳಸಬೇಕಾದರೆ ಟ್ರಸ್ಟ್ ಮಾಡಿ, ಇಬ್ಬರ ಹೆಸರನ್ನೂ ಅದಕ್ಕೆ ಸೇರಿಸಿ, ಆ ಟ್ರಸ್ಟ್ ಹೆಸರಲ್ಲಿ ನೋಂದಾಯಿಸುತ್ತಾರೆ. ಇಷ್ಟು ಸಲೀಸಾಗಿ ಬಂದೂಕು ಸಿಗುವ ದೇಶದಲ್ಲೇ ಹೀಗೆ. ವಿಡಿಯೋದಲ್ಲಿ ಇದನ್ನೆಲ್ಲ ತೋರಿಸುವುದಿಲ್ಲ.

—

ಕಬ್ಬಿನಗದ್ದೆ (ಪಾಂಡವಪುರ ತಾಲೂಕು)

ಎಲ್ಲರಿಗೂ ಕೈ ಮುಗಿಯುತ್ತೇನೆ. ರಾತ್ರಿ ನಿದ್ದೆ ಬರಲಿಲ್ಲ. ಭಾವಮೈದನಿಗೆ ಫೋನ್ ಮಾಡಿ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಮೊದಲು ನಕ್ಕ, ಏಳು ವರ್ಷ ಅಂದ ಮೇಲೆ ಸುಮ್ಮನಾದ. ನಾಳೆ ಇಬ್ಬರೂ ಮಂಡ್ಯದಲ್ಲಿ ವಕೀಲರನ್ನು ನೋಡುತ್ತೇವೆ.

ಬಂದೂಕನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಪ್ಪ ಬದುಕಿರುವಾಗಲೇ ಆಗುತ್ತದಾ? ರಿಟೇನರ್ ಜಾಗ ಖಾಲಿ ಇದೆ, ನೋಡಿದೆ.

—

ಕರಿಕೋಟು (ಮೈಸೂರು)

ಆಗುತ್ತದೆ, ಅದೇ ಸರಿಯಾದ ದಾರಿ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ಇದಕ್ಕೇ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವರ ಹತ್ತಿರ 25 ವರ್ಷ ಇದ್ದರೆ, ಎರಡರಲ್ಲಿ ಯಾವುದು ಮೊದಲೋ ಅದು, ಅವರು ಹೆಸರಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡಬಹುದು. ನಿಮ್ಮ ಅಪ್ಪನಿಗೆ ಎರಡೂ ಆಗಿವೆ. ನಿಮಗೆ 21 ತುಂಬಿರಬೇಕು. ಅಪ್ಪನ ಒಪ್ಪಿಗೆ ಪತ್ರ, ಬಂದೂಕು ಬಳಕೆಯ ಸುರಕ್ಷತಾ ತರಬೇತಿ ಪಡೆದ ಸರ್ಟಿಫಿಕೇಟ್, ಬೀಗದ ಜಾಗದಲ್ಲಿ ಇಡುತ್ತೇನೆ ಅನ್ನುವ ಮುಚ್ಚಳಿಕೆ ಕೇಳುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ. ಮೈಸೂರು ನಗರದವರಾಗಿದ್ದರೆ ಪೊಲೀಸ್ ಕಮಿಷನರ್ ಕಚೇರಿ. ಪೊಲೀಸ್ ವರದಿ ಬರಬೇಕು, ಸಮಯ ಹಿಡಿಯುತ್ತದೆ. ಲೈಸೆನ್ಸ್ ನಿಮ್ಮ ಕೈಗೆ ಬರುವವರೆಗೆ ಬಂದೂಕು ಅಪ್ಪನದೇ, ಬೀರುವಿನ ಕೀ ಕೂಡ ಅವರ ಹತ್ತಿರವೇ ಇರಲಿ. ಪೈಪಿನ ವಿಷಯ ಮೊದಲು ಮುಗಿಸಿಕೊಳ್ಳಿ. ನಿಮ್ಮ ಮೇಲೆ ಕೇಸು ಬಿದ್ದರೆ ಲೈಸೆನ್ಸ್ ಸಿಗುವುದು ಕಷ್ಟ.

—

ಕಾಫಿತೋಟ (ವಿರಾಜಪೇಟೆ, ಸದ್ಯ ಮೈಸೂರು)

ಯಾರೋ ಒಬ್ಬರು ಖಂಡಿತ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳುತ್ತೇನೆ. "ಕೊಡಗಿನವರಿಗೆ ಲೈಸೆನ್ಸೇ ಬೇಡ, ಅವರ ಹತ್ತಿರ ಕೋವಿ ತಂದರಾಯಿತು" ಅನ್ನುವ ಮಾತು ಮೈಸೂರಲ್ಲಿ ತುಂಬ ಕೇಳಿದ್ದೇನೆ. ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ, ಈಗ 2029ರ ಅಕ್ಟೋಬರ್‌ವರೆಗೆ. ಅದು ಆ ವ್ಯಕ್ತಿಗೆ ಸಿಕ್ಕ ವಿನಾಯಿತಿ, ಅವನ ಕೋವಿಗೆ ಸಿಕ್ಕಿದ್ದಲ್ಲ. ನನ್ನ ಕೋವಿ ನಿಮ್ಮ ಕೈಗೆ ಬಂದರೆ ನನ್ನ ವಿನಾಯಿತಿ ಅದರ ಜೊತೆ ಬರುವುದಿಲ್ಲ. ನಮಗೆ ಕೋವಿ ದೇವರ ಸಮಾನ, ಕೈಲ್ ಪೊಳ್ದ್ ಹಬ್ಬಕ್ಕೆ ತೊಳೆದು ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ. ಅದನ್ನು ಬಾಡಿಗೆ ಸೈಕಲ್ ತರಹ ಕೇಳಿದಾಗ ನಿಜವಾಗಿಯೂ ಬೇಜಾರಾಗುತ್ತದೆ.

—

ಕಬ್ಬಿನಗದ್ದೆ (ಪಾಂಡವಪುರ ತಾಲೂಕು)

ಒಂಬತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ. ವಕೀಲರ ಜೊತೆ ಠಾಣೆಗೆ ಹೋಗಿ ಬರೆದುಕೊಟ್ಟು ಅದನ್ನು ಒಪ್ಪಿಸಿದೆವು. ಭಾವಮೈದ ತಾನೇ ತಂದಿದ್ದು ಅಂತ ಒಪ್ಪಿಕೊಂಡ. ಎಲ್ಲಿ ಮಾಡಿಸಿದ್ದು ಅಂತ ವಿಚಾರಣೆ ನಡೆಯುತ್ತಿದೆ, ಮುಂದೆ ಏನು ಅಂತ ವಕೀಲರು ನೋಡಿಕೊಳ್ಳುತ್ತಿದ್ದಾರೆ. ಇನ್ನೂ ಕರೆಯುತ್ತಾರೆ, ಹೋಗುತ್ತೇವೆ. ಅಕ್ಕ ಮಾತ್ರ ನನ್ನ ಮೇಲೆ ಸಿಟ್ಟಾಗಿದ್ದಾಳೆ.

ಅಪ್ಪನಿಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅಂದಾಗ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಹಾಕಿದರು. ಹಂದಿಗೆ ಈಗ ನಾನೂ ಪಕ್ಕದ ಜಮೀನಿನವರೂ ಸರದಿ ಮೇಲೆ ತಗಡು ಬಡಿಯುತ್ತಾ, ಟಾರ್ಚ್ ಬಿಡುತ್ತಾ ಕಾಯುತ್ತಿದ್ದೇವೆ. ಅರಣ್ಯದವರು ಬಂದು ಕಬ್ಬು ನೋಡಿ ಅಳತೆ ಬರೆದುಕೊಂಡು ಹೋದರು.

ಒಂದೇ ಪ್ರಶ್ನೆ ಉಳಿದಿದೆ. ಆಯುಧ ಪೂಜೆ ಬರುತ್ತಿದೆ. ಪ್ರತಿ ವರ್ಷ ಬಂದೂಕನ್ನು ಹೊರಗೆ ತೆಗೆದು ಟ್ರ್ಯಾಕ್ಟರ್ ಪಕ್ಕ ಇಟ್ಟು ಪೂಜೆ ಮಾಡುತ್ತೇವೆ. ಮಾಡಬಹುದಾ?

—

ನಿವೃತ್ತ ರೈಟರ್ (ಮಂಡ್ಯ)

ಮಾಡು ತಮ್ಮ, ಧಾರಾಳವಾಗಿ ಮಾಡು. ಬೀರುವಿನಿಂದ ಅಪ್ಪಾಜಿಯೇ ತೆಗೆಯಲಿ, ನಳಿಗೆ ಬಗ್ಗಿಸಿ ತೆರೆದು ಒಳಗೆ ತೋಟಾ ಇಲ್ಲ ಅಂತ ಅವರೇ ನೋಡಲಿ, ಪೂಜೆ ಆದಮೇಲೆ ಅವರೇ ಒಳಗಿಡಲಿ. ಮಂಡಿ ನೋವಿದ್ದರೆ ಕುರ್ಚಿ ಹಾಕಿಕೊಡು. ಹುಡುಗರು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಬೇಡ. ಮಂಗಳಾರತಿ ಆಯ್ತು ಅಂತ ಗಾಳಿಯಲ್ಲಿ ಒಂದು ಗುಂಡು ಹಾರಿಸುವುದಂತೂ ಬೇಡವೇ ಬೇಡ. ಸಂಭ್ರಮಕ್ಕೆ ಗುಂಡು ಹೊಡೆದು ಜನರ ಪ್ರಾಣಕ್ಕೆ ಅಪಾಯ ತಂದರೆ 2019ರಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಅಕ್ಕನನ್ನು ಹಬ್ಬಕ್ಕೆ ನೀನೇ ಹೋಗಿ ಕರೆದುಕೊಂಡು ಬಾ.